ಒಂದು ಲಕ್ಷ ಕ್ಯೂಸೆಕ್ ಅಂದ್ರೆ ಗುಡಿಯ ಎಷ್ಟನೇ ಮೆಟ್ಟಿಲು?

ಜುಲೈ, ಆಗಸ್ಟ್ ಬಂತಂದ್ರೆ ನಮ್ಮ ಬಳ್ಳಾರಿ ಕಡೆ ಎಲ್ಲರ ಫೋನಿಗೂ ಒಂದೇ ಥರದ ಮೆಸೇಜು ಬರುತ್ತೆ. ತುಂಗಭದ್ರಾ ಜಲಾಶಯದಿಂದ ನದಿಗೆ ಇಷ್ಟು ಕ್ಯೂಸೆಕ್ ನೀರು ಬಿಡಲಾಗಿದೆ, ನದಿ ಪಾತ್ರದ ಜನ ಎಚ್ಚರಿಕೆಯಿಂದ ಇರಬೇಕು. ನಾವು ಅದನ್ನ ಕ್ಲಾಸ್ ಗ್ರೂಪಿಗೆ ಫಾರ್ವರ್ಡ್ ಮಾಡ್ತೀವಿ. ಯಾರೋ ಒಬ್ಬರು ‘ಭಾನುವಾರ ಡ್ಯಾಂ ನೋಡೋಕೆ ಹೋಗೋಣ್ವಾ?’ ಅಂತಾರೆ. ಸಂಜೆ ಹೊತ್ತಿಗೆ ಗೇಟುಗಳಿಂದ ನೀರು ಧುಮುಕೋ ವಿಡಿಯೋ ನಾಲ್ಕು ಜನರ ಸ್ಟೇಟಸ್ಸಲ್ಲಿ ಇರುತ್ತೆ. ಅಲ್ಲಿಗೆ ಆ ಎಚ್ಚರಿಕೆಯ ಕಥೆ ಮುಗೀತು.

ಆದ್ರೆ ಆ ಮೆಸೇಜು ನಮಗೋಸ್ಕರ ಬರೆದದ್ದಲ್ಲ. ಅದು ‘ನದಿ ಪಾತ್ರದ ಜನ’ರಿಗೆ ಬರೆದದ್ದು. ಅವರು ಯಾರು? ನಮ್ಮ ಕ್ಯಾಂಪಸ್ಸಿನಿಂದ ಬಸ್ಸು ಹತ್ತಿ ತೆಕ್ಕಲಕೋಟೆ ದಾಟಿ ಸಿರುಗುಪ್ಪಕ್ಕೆ ಹೋದರೆ ಸಿಗ್ತಾರೆ. ಕಂಪ್ಲಿಯಲ್ಲಿ ಸಿಗ್ತಾರೆ. ನಮ್ಮ ಹಾಸ್ಟೆಲ್ಲಿನಲ್ಲೇ, ಪಕ್ಕದ ರೂಮಿನಲ್ಲೇ ಇರಬಹುದು. ಅವರ ಮನೆಯವರು ಆ ಮೆಸೇಜು ಓದಿದಾಗ ಏನು ಮಾಡಬೇಕು? ಎಮ್ಮೆ ಬಿಚ್ಚಬೇಕಾ, ಪಂಪ್‌ಸೆಟ್ ಎತ್ತಬೇಕಾ, ಅಜ್ಜಿಯನ್ನ ಈಗಲೇ ಬಸ್ ಹತ್ತಿಸಬೇಕಾ, ಇಲ್ಲ ಸುಮ್ಮನೆ ಮಲಗಬಹುದಾ? ಮೆಸೇಜಿನಲ್ಲಿ ಅದಿಲ್ಲ. ಅಲ್ಲಿರೋದು ಒಂದು ಅಂಕಿ ಮಾತ್ರ.

ನಮ್ಮ ಅಭಿಪ್ರಾಯ ಇಷ್ಟೇ: ತುಂಗಭದ್ರೆಯ ದಂಡೆಗೆ ಎಚ್ಚರಿಕೆ ತಲುಪ್ತಾ ಇದೆ, ಅದರ ಅರ್ಥ ತಲುಪ್ತಾ ಇಲ್ಲ. ಆ ಅಂಕಿಯನ್ನ ಊರಿನ ಮಾತಿಗೆ ತರೋ ಕೆಲಸ ಅರ್ಧ ಎಂಜಿನಿಯರಿಂಗು, ಅರ್ಧ ಕನ್ನಡ. ಎರಡೂ ಇರೋ ಜಾಗ ನಮ್ಮ ಕಾಲೇಜೇ ಅಲ್ವಾ?

ಸಮುದ್ರ ಇಲ್ಲದ ದ್ವೀಪಗಳು

‘ದ್ವೀಪ’ ಅಂದ ತಕ್ಷಣ ನಮಗೆ ಲಕ್ಷದ್ವೀಪ, ಅಂಡಮಾನ್ ನೆನಪಾಗುತ್ತೆ. ಸ್ಕೂಲಲ್ಲಿ ‘ಐಲ್ಯಾಂಡ್’ ಅಂತ ಓದಿದ ನಮ್ಮಂಥವರಿಗಂತೂ ತೆಂಗಿನಮರ, ನೀಲಿ ನೀರು ಇಲ್ಲದಿದ್ರೆ ಅದು ದ್ವೀಪ ಅನ್ನಿಸೋದೇ ಇಲ್ಲ. ಆದ್ರೆ ನಮ್ಮ ಸೀಮೆಯಲ್ಲಿ ಇದಕ್ಕೆ ಬೇರೆ ಪದ ಇದೆ: ಗಡ್ಡೆ, ಗಡ್ಡಿ, ನಡುಗಡ್ಡೆ. ಊರಿನ ಹೆಸರುಗಳೇ ಹೇಳ್ತವೆ. ಹಂಪಿಯ ಎದುರು ದಂಡೆಯಲ್ಲಿ ವಿರೂಪಾಪುರ ಗಡ್ಡಿ. ಆನೆಗುಂದಿಯ ಹತ್ತಿರ ನವಬೃಂದಾವನ ಗಡ್ಡೆ. ಕೃಷ್ಣೆಯ ಕಡೆ ಹೋದರೆ ಲಿಂಗಸುಗೂರು ತಾಲ್ಲೂಕಿನ ಕಡದರಗಡ್ಡಿ, ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿ, ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ. ನಮ್ಮ ಜಿಲ್ಲೆಯಲ್ಲೇ ಸಿರುಗುಪ್ಪದ ಬಳಿ ತುಂಗಭದ್ರೆ ಎರಡು ಕವಲಾಗಿ ದೇಶನೂರಿನ ನಡುಗಡ್ಡೆಯನ್ನ ಬಳಸಿ ಹರಿಯುತ್ತೆ. ವಿಜಯನಗರದ ಕಾಲದವರು ಇಲ್ಲಿ ಒಡ್ಡು ಕಟ್ಟಿ ಕಾಲುವೆ ತೆಗೆದರು. ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಅಂತ ಇವತ್ತಿಗೂ ಆ ಹೆಸರುಗಳಿವೆ. ಸಿರುಗುಪ್ಪದ ಭತ್ತ ಅಂತ ನಾವು ಹೆಮ್ಮೆ ಪಡ್ತೀವಲ್ಲ, ಅದಕ್ಕೆ ಮೂಲ ಈ ಹೊಳೆ ಮತ್ತು ಹೊಳೆಯ ಮಣ್ಣು.

ಬೇಸಿಗೆಯಲ್ಲಿ ಈ ಕಡೆ ಹೋದವರಿಗೆ ಇದು ನಡುಗಡ್ಡೆ ಅಂತ ಗೊತ್ತೇ ಆಗಲ್ಲ. ಬಂಡೆ, ಮರಳು, ನಡುವೆ ಒಂದಿಷ್ಟು ನೀರು. ಹಾಗಾಗಿ ನಾವು ಇನ್ನೊಂದು ಥರದ ದ್ವೀಪವನ್ನೂ ಲೆಕ್ಕಕ್ಕೆ ತಗೋಬೇಕು ಅಂತೀವಿ: ವರ್ಷದಲ್ಲಿ ಹತ್ತು ದಿನ ಮಾತ್ರ ದ್ವೀಪ ಆಗೋ ಊರು. ಹೊರಹರಿವು ಲಕ್ಷ ದಾಟಿ ಏರ್ತಾ ಹೋದರೆ ಕಂಪ್ಲಿ-ಗಂಗಾವತಿ ಸೇತುವೆ ಮೇಲೆ ಸಂಚಾರ ನಿಲ್ಲಿಸ್ತಾರೆ. ಹಗರಿ ಅಂದ್ರೆ ವೇದಾವತಿ ತುಂಬಿ ಬಂದರೆ ಆದೋನಿ ದಾರಿಯ ರಾರಾವಿ ಹತ್ತಿರ ಅದೇ ಕಥೆ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ, ಸದಾ ಒಣಗಿರೋ ಹಗರಿಯಲ್ಲೂ ನೀರು ಬರಬಹುದು ಅನ್ನೋದು ಎಲ್ಲರಿಗೂ ನೆನಪಾಯ್ತು. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಹಗರಿ, ಮಧ್ಯದಲ್ಲಿ ತಗ್ಗಿನ ರಸ್ತೆಗಳು. ಸಿರುಗುಪ್ಪ ತಾಲ್ಲೂಕಿನ ನಕ್ಷೆಯನ್ನ ಹೀಗೆ ನೋಡಿದ್ರೆ ಎಷ್ಟು ಊರು ‘ನಡುಗಡ್ಡೆ’ ಅನ್ನೋ ಪ್ರಶ್ನೆಗೆ ಉತ್ತರ ನೀರಿನ ಮಟ್ಟದ ಜೊತೆ ಬದಲಾಗ್ತಾ ಹೋಗುತ್ತೆ.

ಎರಡು ಆಗಸ್ಟ್‌ಗಳು

2019ರ ಆಗಸ್ಟ್. ವಿರೂಪಾಪುರ ಗಡ್ಡಿಯ ಸುತ್ತ ಹೊಳೆ ಏರಿತು. ರೆಸಾರ್ಟುಗಳಲ್ಲಿದ್ದ ನೂರಾರು ಪ್ರವಾಸಿಗರು, ಅದರಲ್ಲಿ ವಿದೇಶಿಯರೂ ಇದ್ದರು, ಹೊರಗೆ ಬರೋಕಾಗದೆ ಸಿಕ್ಕಿಹಾಕಿಕೊಂಡರು. ಎನ್‌ಡಿಆರ್‌ಎಫ್ ಬೋಟುಗಳು ಬಂದವು, ಹೆಲಿಕಾಪ್ಟರ್ ಬಂತು. ರಕ್ಷಣೆಗೆ ಹೋದ ಬೋಟೇ ಒಂದು ಮಗುಚಿ, ಸಿಬ್ಬಂದಿ ನೀರಿನಲ್ಲಿ ಕೊಚ್ಚಿಹೋಗಿ, ಕೊನೆಗೆ ಅವರನ್ನೇ ರಕ್ಷಿಸಬೇಕಾಯ್ತು. ಆಮೇಲೆ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ರೆಸಾರ್ಟುಗಳನ್ನ ತೆರವು ಮಾಡಿದರು. ಅದು ಪರಂಪರೆಯ ತಾಣದ ಕಾನೂನಿನ ವಿಷಯ, ಇಲ್ಲಿ ಬೇಡ. ನಾವು ಗಮನಿಸಬೇಕಾದ್ದು ಬೇರೆ. ಆ ನೀರು ದಿಢೀರ್ ಅಂತ ಗುಡ್ಡ ಕುಸಿದು ಬಂದದ್ದಲ್ಲ. ಅಣೆಕಟ್ಟಿನ ಗೇಟಿನಿಂದ ಅಳೆದು ಬಿಟ್ಟ ನೀರು. ಎಷ್ಟು ಬಿಟ್ಟೆವು ಅಂತ ಗೊತ್ತು, ಎತ್ತ ಹೋಗುತ್ತೆ ಅಂತ ಗೊತ್ತು. ಆದ್ರೂ ಜನ ನಡುಗಡ್ಡೆಯ ಮೇಲೇ ಉಳಿದುಬಿಟ್ಟರು.

2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಒತ್ತಡ ಕಡಿಮೆ ಮಾಡೋಕೆ ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯ್ತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ, ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಗೇಟು ಇಳಿಸಿದ್ದು ನಮಗೆಲ್ಲ ಎಂಜಿನಿಯರಿಂಗ್ ಸಿನಿಮಾ ನೋಡಿದ ಹಾಗೆ ಇತ್ತು. ಅದರ ರೀಲ್ಸ್ ನೋಡದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಆದ್ರೆ ಆ ಮೊದಲ ರಾತ್ರಿ ಕೆಳಗಿನ ಊರುಗಳಿಗೆ ಬೇಕಾಗಿದ್ದ ಸುದ್ದಿ ಬೇರೆ. ಗೇಟು ಹೋದದ್ದಕ್ಕೂ ಡ್ಯಾಂ ಒಡೆದದ್ದಕ್ಕೂ ಏನು ವ್ಯತ್ಯಾಸ? ನೀರು ಎಷ್ಟು ಹೊತ್ತಿಗೆ ಬರುತ್ತೆ? ಎಲ್ಲಿವರೆಗೆ ಬರುತ್ತೆ? ಸರಿಯಾದ ಉತ್ತರ ಇಲ್ಲದ ಜಾಗದಲ್ಲಿ ‘ಡ್ಯಾಂ ಒಡೀತಂತೆ’ ಅನ್ನೋ ಮಾತು ಆರಾಮಾಗಿ ಬಂದು ಕೂತ್ಕೊಳ್ಳುತ್ತೆ. 2025ರ ಮಳೆಗಾಲದಲ್ಲಿ ಉಳಿದ ಗೇಟುಗಳ ಸ್ಥಿತಿ ನೋಡಿ ಸಂಗ್ರಹವನ್ನ 80 ಟಿಎಂಸಿಯ ಆಸುಪಾಸಿಗೆ ಸೀಮಿತ ಮಾಡಿದರು. ಕಡಿಮೆ ತುಂಬಿಸೋ ಡ್ಯಾಂ ಬೇಗ ಗೇಟು ತೆರೀಬೇಕಾಗುತ್ತೆ. ಅಂದ್ರೆ ಕೆಳಗಿನವರ ಫೋನಿಗೆ ಆ ಮೆಸೇಜು ಇನ್ನೂ ಬೇಗ ಬರುತ್ತೆ.

ಕ್ಯೂಸೆಕ್ ಯಾರ ಭಾಷೆ?

ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28.3 ಲೀಟರ್. ಒಂದು ಲಕ್ಷ ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28.3 ಲಕ್ಷ ಲೀಟರ್. 10,000 ಲೀಟರಿನ ನೀರಿನ ಟ್ಯಾಂಕರುಗಳು ನಮ್ಮ ಕಾಲೇಜು ಗೇಟಿನ ಮುಂದೆ ಸೆಕೆಂಡಿಗೆ 283ರಂತೆ ಹೋಗ್ತಾ ಇವೆ ಅಂದ್ಕೊಳ್ಳಿ. ಹೀಗೇ ಒಂದು ದಿನ ಹರಿದ್ರೆ 8.64 ಟಿಎಂಸಿ. 105.788 ಟಿಎಂಸಿಯ ತುಂಬಿದ ಡ್ಯಾಂ, ಮೇಲಿಂದ ಒಂದು ಹನಿಯೂ ಬರದಿದ್ರೆ, ಹನ್ನೆರಡು ದಿನದಲ್ಲಿ ಖಾಲಿ.

ಲೆಕ್ಕ ಚೆನ್ನಾಗಿದೆ. ಆದ್ರೆ ದೇಶನೂರಿನ ರೈತನಿಗೆ ಇದರಿಂದ ಏನು ಸಿಕ್ಕಿತು? ಅವನು ಕೇಳ್ತಿರೋದು ಸೆಕೆಂಡಿಗೆ ಎಷ್ಟು ಲೀಟರ್ ಅಂತ ಅಲ್ಲ. ನನ್ನ ಹೊಲದ ಬದುವಿಗೆ ಬರುತ್ತಾ, ರಸ್ತೆ ಮುಳುಗುತ್ತಾ, ಯಾವಾಗ? ಹೊಳೆಯಲ್ಲಿ ಹರಿಯೋ ನೀರಿನ ಪ್ರಮಾಣಕ್ಕೂ ನೀರಿನ ಎತ್ತರಕ್ಕೂ ಇರೋ ಸಂಬಂಧ ಸರಳ ಅಲ್ಲ. ಪ್ರಮಾಣ ಎರಡು ಪಟ್ಟಾದ್ರೆ ಎತ್ತರ ಎರಡು ಪಟ್ಟಾಗಲ್ಲ. ದಡದ ಒಳಗಿರೋವರೆಗೂ ನೀರು ಮೇಲೆ ಏರುತ್ತೆ. ದಡ ಮೀರಿದ ಮೇಲೆ ಅಗಲಕ್ಕೆ ಹರಡುತ್ತೆ. ಸಿರುಗುಪ್ಪದಂಥ ಸಮತಟ್ಟಾದ ಗದ್ದೆ ಸೀಮೆಯಲ್ಲಿ ಎತ್ತರದಲ್ಲಿ ಒಂದು ಗೇಣು ಹೆಚ್ಚಾದ್ರೆ ಅಗಲದಲ್ಲಿ ಎಕರೆಗಟ್ಟಲೆ ಭತ್ತ ನೀರಿನಡಿ. ಈ ಸಂಬಂಧವನ್ನ ಒಂದು ಜಾಗಕ್ಕೆ ಸೀಮಿತವಾಗಿ ಅಳೆದು ಬರೆದ ಗೆರೆಗೆ ‘ರೇಟಿಂಗ್ ಕರ್ವ್’ ಅಂತಾರೆ. ನಮ್ಮ ಸಿವಿಲ್ ಗೆಳೆಯರು ಇದನ್ನ ಪರೀಕ್ಷೆಗೆ ಬರೀತಾರೆ. ಉತ್ತರ ಪತ್ರಿಕೆಯಿಂದ ಆಚೆ ಇದು ಒಂದು ಊರಿನ ಗೋಡೆಯ ಮೇಲೆ ಬಂದು ನಿಂತ್ರೆ ಅದೇ ಮುನ್ನೆಚ್ಚರಿಕೆ.

ತಮಾಷೆ ಏನಂದ್ರೆ ಹಂಪಿಗೆ ಇಂಥ ಅಳತೆಗೋಲು ಈಗಾಗಲೇ ಇದೆ. ‘ಪುರಂದರ ಮಂಟಪ ಮುಳುಗಿತು’ ಅಂತ ಪೇಪರಿನಲ್ಲಿ ಬಂದ್ರೆ ಇಡೀ ಸೀಮೆಗೆ ಹೊಳೆ ಎಷ್ಟಿದೆ ಅಂತ ಅಂದಾಜು ಸಿಗುತ್ತೆ, ಕ್ಯೂಸೆಕ್ ಓದದವರಿಗೂ. ಸಾವಿರ ಸಲ ನೋಡಿದ ಕಲ್ಲಿನ ಮಂಟಪ ಮುಳುಗಿತು ಅನ್ನೋ ಮಾತು ನೇರ ಹೊಟ್ಟೆಗೆ ಹೋಗಿ ತಾಗುತ್ತೆ. ಹೊಳೆಯ ಕೆಳಗಿನ ಊರುಗಳ ಹಿರಿಯರಿಗೂ ಇಂಥ ಗುರುತುಗಳು ಇರ್ತವೆ: ಗುಡಿಯ ಮೆಟ್ಟಿಲು, ಒಂದು ಬಂಡೆ, ಹಳೇ ಬಾವಿಕಟ್ಟೆ. 2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ, ಕೆಳಗೆ ಮಂತ್ರಾಲಯ, ಕರ್ನೂಲುಗಳಿಗೆ ನೀರು ನುಗ್ಗಿದಾಗ, ನಮ್ಮೂರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಹೇಳೋವರು ಇನ್ನೂ ಇದ್ದಾರೆ. ಆದ್ರೆ ಅವರ ಗುರುತಿಗೂ ಮೆಸೇಜಿನ ಅಂಕಿಗೂ ನಡುವೆ ಸೇತುವೆ ಇಲ್ಲ. ಅಜ್ಜನಿಗೆ ಮೆಟ್ಟಿಲು ಗೊತ್ತು, ಕಂಟ್ರೋಲ್ ರೂಮಿಗೆ ಕ್ಯೂಸೆಕ್ ಗೊತ್ತು, ಇಬ್ಬರೂ ಒಬ್ಬರಿಗೊಬ್ಬರು ಮಾತಾಡಿಲ್ಲ.

ಮಾತಿನ ಶಕ್ತಿ ಎಷ್ಟು ಅನ್ನೋದಕ್ಕೆ ದೂರದ ಒಂದು ದ್ವೀಪದ ಉದಾಹರಣೆ ಸಾಕು. ಇಂಡೋನೇಷ್ಯಾದ ಸಿಮೆಲು ದ್ವೀಪದಲ್ಲಿ 1907ರ ಸುನಾಮಿಯ ನೆನಪು ‘ಸ್ಮಾಂಗ್’ ಅನ್ನೋ ಒಂದು ಪದವಾಗಿ ಉಳಿದಿತ್ತು. ಭೂಮಿ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡು, ಅಷ್ಟೇ ಅದರ ಪಾಠ. ಅಜ್ಜಿಯರು ಮೊಮ್ಮಕ್ಕಳಿಗೆ ಹಾಡಿನಲ್ಲಿ, ಕಥೆಯಲ್ಲಿ ಹೇಳ್ತಾ ಬಂದರು. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರ ಇದ್ದೂ, ಸುಮಾರು 78,000 ಜನರ ಆ ದ್ವೀಪದಲ್ಲಿ ಸತ್ತವರು 7 ಜನ. ಎದುರಿನ ಆಚೆ ಪ್ರಾಂತದಲ್ಲಿ ಲಕ್ಷಕ್ಕೂ ಹೆಚ್ಚು. ಸಿಮೆಲುವಿನಲ್ಲಿ ಸೆನ್ಸರ್ ಇರಲಿಲ್ಲ. ಇದ್ದದ್ದು ಎಲ್ಲರಿಗೂ ಅರ್ಥ ಆಗೋ ಒಂದು ಪದ, ಆ ಪದ ಕೇಳಿದ್ರೆ ಏನು ಮಾಡಬೇಕು ಅನ್ನೋ ಅಭ್ಯಾಸ.

ಮನೆ ಮುಳುಗೋ ಮೊದಲೇ ದಾರಿ ಮುಳುಗುತ್ತೆ

ಪುಸ್ತಕದಲ್ಲಿ ಅಪಾಯಕ್ಕೆ ಮೂರು ಭಾಗ ಹೇಳ್ತಾರೆ. ಬರೋ ನೀರು ಒಂದು. ನೀರಿನ ದಾರಿಯಲ್ಲಿ ಇರೋ ಜನ, ದನ, ಬೆಳೆ ಎರಡು. ತಡ್ಕೊಳ್ಳೋ ಶಕ್ತಿ ಯಾರಿಗೆ ಎಷ್ಟು ಕಡಿಮೆ ಇದೆ ಅನ್ನೋದು ಮೂರು. ನೀರನ್ನ ನಾವು ನಿಲ್ಲಿಸೋಕಾಗಲ್ಲ. ಉಳಿದ ಎರಡರಲ್ಲಿ ಕೆಲಸ ಇದೆ.

ನಡುಗಡ್ಡೆಯ ವಿಷಯದಲ್ಲಿ ನಾವು ಮರೆಯೋ ಒಂದು ಸಂಗತಿ ಇದೆ. ಸಾಮಾನ್ಯ ಊರಿನಲ್ಲಿ ನೀರು ಮನೆ ಹತ್ತಿರ ಬಂದಾಗ ಹೊರಡಬಹುದು, ಹಿಂದೆ ದಾರಿ ಇರುತ್ತೆ. ನಡುಗಡ್ಡೆಯಲ್ಲಿ ಮನೆಗಳು ಎತ್ತರದಲ್ಲಿರ್ತವೆ, ರಸ್ತೆ ತಗ್ಗಿನಲ್ಲಿರುತ್ತೆ. ಮನೆ ಬಾಗಿಲಿಗೆ ನೀರು ಇನ್ನೂ ಬಂದಿರಲ್ಲ, ‘ಪ್ರತಿ ವರ್ಷ ಬರ್ತೈತಿ ಬಿಡಪ್ಪ, ಇಲ್ಲಿವರಿಗೂ ಬರಂಗಿಲ್ಲ’ ಅಂತ ಕೂತಿರ್ತಾರೆ. ಅಷ್ಟೊತ್ತಿಗೆ ಹಿಂದೆ ದಾರಿ ಮುಚ್ಚಿ ಹೋಗಿರುತ್ತೆ. ಮನೆ ಮುಳುಗದೆ ಇರಬಹುದು. ಆದ್ರೆ ಆ ರಾತ್ರಿ ಒಬ್ಬ ಗರ್ಭಿಣಿಗೆ ಹೊಟ್ಟೆನೋವು ಬಂದರೆ, ಒಬ್ಬರಿಗೆ ಹಾವು ಕಚ್ಚಿದರೆ? 2014ರಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಕಾಯಿ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನ ಈಜಿ ದಾಟಿದ್ದು ದೇಶದಲ್ಲೆಲ್ಲ ಸುದ್ದಿಯಾಯ್ತು. ಎಲ್ಲರೂ ಧೈರ್ಯ ಅಂತ ಹೊಗಳಿದರು. ಧೈರ್ಯ ಹೌದು. ಆದ್ರೆ ತುಂಬು ಗರ್ಭಿಣಿ ಹೊಳೆ ಈಜಬೇಕಾಗಿ ಬಂದದ್ದು ಹೊಗಳಿ ಮುಗಿಸೋ ವಿಷಯ ಅಲ್ಲ. ಹೆರಿಗೆ ದಿನ ಮೊದಲೇ ಗೊತ್ತಿರುತ್ತೆ. ಮಳೆಗಾಲ ಯಾವಾಗ ಅಂತಲೂ ಗೊತ್ತಿರುತ್ತೆ. ಎರಡೂ ಗೊತ್ತಿದ್ದು ಒಂದು ಪಟ್ಟಿ ಮಾಡದಿರೋದೇ ನಿಜವಾದ ವಿಪತ್ತು.

ಹಾಗಾಗಿ ನಡುಗಡ್ಡೆಗೆ ಬೇಕಾದ ಮುಖ್ಯ ಗುರುತು ದಾರಿ ಮುಚ್ಚೋ ಮಟ್ಟ. ಊರಿನ ರಸ್ತೆಯ ಅತ್ಯಂತ ತಗ್ಗಿನ ಜಾಗ ಯಾವುದು, ಅದರ ಮೇಲೆ ನೀರು ಬರೋದು ಎಷ್ಟು ಕ್ಯೂಸೆಕ್ಕಿಗೆ? ಅದಕ್ಕೆ ಲೆಕ್ಕ ಹಾಕಿ ಮೂರು ಪಟ್ಟಿ ಬಣ್ಣ ಬಳಿದರೆ ಸಾಕು ಅಂತ ನಮಗೆ ಅನ್ಸುತ್ತೆ. ಹಳದಿಗೆ ನೀರು ಬಂದ್ರೆ ಪಂಪ್‌ಸೆಟ್ ಎತ್ತಿ, ದನ-ಕುರಿ ಹೊರಗೆ ಹೊಡೀರಿ. ಕೇಸರಿಗೆ ಬಂದ್ರೆ ವಯಸ್ಸಾದವರು, ಗರ್ಭಿಣಿಯರು, ಚಿಕ್ಕ ಮಕ್ಕಳು, ದಿನಾ ಔಷಧಿ ಬೇಕಾದವರು ಹೊರಡಬೇಕು. ಕೆಂಪಿಗೆ ಬಂದ್ರೆ ಇನ್ನು ಯಾರೂ ದಾಟಬೇಡಿ, ಎತ್ತರದ ಜಾಗದಲ್ಲಿ ಇರಿ, 112ಕ್ಕೋ 1077ಕ್ಕೋ ಫೋನ್ ಮಾಡಿ. ಕೆಂಪು ಅಂದ್ರೆ ‘ಓಡು’ ಅಲ್ಲ, ‘ಓಡೋ ಹೊತ್ತು ಮುಗೀತು’ ಅಂತ. ಸೇತುವೆ ಮೇಲೆ ನೀರು ಹರೀತಿದ್ರೂ ಬೈಕ್ ಹೊಡೆಯೋ ಹುಡುಗರಿಗೆ ಇದನ್ನ ಮೊದಲು ಹೇಳಬೇಕು.

ದನ, ಕುರಿ, ಪಂಪ್‌ಸೆಟ್ಟನ್ನ ಮೊದಲ ಬಣ್ಣಕ್ಕೇ ಹಾಕಿದ್ದಕ್ಕೂ ಕಾರಣ ಇದೆ. ಜನ ಮನೆ ಬಿಡದೆ ಇರೋದು ಹಟಕ್ಕಲ್ಲ. ಕಾಳಜಿ ಕೇಂದ್ರದಲ್ಲಿ ಅವರಿಗೆ ಊಟ ಸಿಗುತ್ತೆ, ಎಮ್ಮೆಗೆ ಮೇವು ಸಿಗುತ್ತಾ? 2020ರ ಆಗಸ್ಟ್‌ನಲ್ಲಿ ನಾರಾಯಣಪುರ ಅಣೆಕಟ್ಟಿನ ಕೆಳಗೆ ಕೃಷ್ಣೆಯ ನಡುಗಡ್ಡೆಯಲ್ಲಿ ಕುರಿಗಾಹಿಯೊಬ್ಬರು ಕುರಿಗಳ ಜೊತೆ ದಿನಗಟ್ಟಲೆ ಸಿಕ್ಕಿಬಿದ್ದಿದ್ದರು. ರಕ್ಷಣಾ ತಂಡ ಹೋಗಿ ಕರೆತಂದಿತು. ಕುರಿಯೇ ಬ್ಯಾಂಕ್ ಬ್ಯಾಲೆನ್ಸ್ ಆದವರಿಗೆ ‘ಜೀವ ಮುಖ್ಯ, ಕುರಿ ಬಿಟ್ಟು ಬನ್ನಿ’ ಅಂತ ಹೇಳೋದು ಸುಲಭ, ಬಿಟ್ಟು ಬರೋದು ಕಷ್ಟ. ಮೇವಿನ ಲೆಕ್ಕ ಇಲ್ಲದ ಮುನ್ನೆಚ್ಚರಿಕೆ ಅರ್ಧ ಮುನ್ನೆಚ್ಚರಿಕೆ.

ಆರ್ಡುಯಿನೊ ಬೇಡ್ವಾ?

ಇಲ್ಲಿವರೆಗೆ ಓದಿದ ಇಸಿ, ಸಿಎಸ್ ಗೆಳೆಯರು ಮನಸ್ಸಲ್ಲೇ ಪ್ರಾಜೆಕ್ಟ್ ಶುರು ಮಾಡಿರ್ತೀರಿ. ಅಲ್ಟ್ರಾಸಾನಿಕ್ ಸೆನ್ಸರ್, ಜಿಎಸ್‌ಎಂ ಮಾಡ್ಯೂಲ್, ಒಂದು ಆ್ಯಪ್. ‘ಫ್ಲಡ್ ಅಲರ್ಟ್ ಸಿಸ್ಟಂ’ ಇಲ್ಲದ ಹ್ಯಾಕಥಾನ್ ನಾವಂತೂ ನೋಡಿಲ್ಲ. ಡೆಮೊದಲ್ಲಿ ಬಕೆಟ್ಟಿಗೆ ಮಗ್ಗಿನಿಂದ ನೀರು ಹುಯ್ದರೆ ಬಜರ್ ಕೂಗುತ್ತೆ, ಜಡ್ಜ್ ತಲೆ ಆಡಿಸ್ತಾರೆ, ಸರ್ಟಿಫಿಕೇಟ್ ಬರುತ್ತೆ. ಆ ಬಜರ್ ಬಕೆಟ್ ಬಿಟ್ಟು ಹೊಳೆಗೆ ಹೋದ ಉದಾಹರಣೆ ಯಾರ ಹತ್ತಿರನಾದ್ರೂ ಇದ್ರೆ ದಯವಿಟ್ಟು ಹೇಳಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

ತಂತ್ರಜ್ಞಾನ ಬೇಡ ಅಂತ ನಾವು ಹೇಳ್ತಿಲ್ಲ. 2023ರ ಅಕ್ಟೋಬರ್ 12ರಂದು ನಮ್ಮೆಲ್ಲರ ಫೋನು ಒಟ್ಟಿಗೆ ಕಿರುಚಿದ್ದು ನೆನಪಿದೆಯಲ್ಲ, ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಒಂದು ಪ್ರದೇಶದ ಎಲ್ಲ ಫೋನಿಗೂ ಏಕಕಾಲಕ್ಕೆ ಎಚ್ಚರಿಕೆ ಕಳಿಸೋ ವ್ಯವಸ್ಥೆ ಈಗ ಕೈಯಲ್ಲಿದೆ. ಆದ್ರೆ ನೆರೆ ಬಂದಾಗ ಮೊದಲು ಹೋಗೋದು ಕರೆಂಟು, ಆಮೇಲೆ ಟವರಿನ ಬ್ಯಾಟರಿ, ಆಮೇಲೆ ನಮ್ಮ ಚಾರ್ಜು. ಬಣ್ಣ ಬಳಿದ ಕಲ್ಲಿಗೆ ಚಾರ್ಜ್ ಬೇಡ. ಬಾಂಗ್ಲಾದೇಶದಲ್ಲಿ 1970ರ ಭೋಲಾ ಚಂಡಮಾರುತಕ್ಕೆ ಕನಿಷ್ಠ 3 ಲಕ್ಷ ಜನ ಸತ್ತರು. ಆಮೇಲೆ ಅವರು ದ್ವೀಪ, ಕರಾವಳಿಗಳಲ್ಲಿ ಊರಿನವರನ್ನೇ ಸ್ವಯಂಸೇವಕರನ್ನಾಗಿ ತಯಾರು ಮಾಡಿದರು. ಅವರ ಕೈಗೆ ಮೆಗಾಫೋನು, ಸೈರನ್, ಬಾವುಟ. ಒಂದು ಬಾವುಟಕ್ಕೆ ಒಂದು ಅರ್ಥ, ಎರಡಕ್ಕೆ ಇನ್ನೊಂದು, ಮೂರಕ್ಕೆ ಮತ್ತೊಂದು. ಉಪಗ್ರಹದ ಮುನ್ಸೂಚನೆ ಮೇಲಿಂದ ಬರುತ್ತೆ, ಆದ್ರೆ ಕೊನೆಯ ಒಂದು ಕಿಲೋಮೀಟರನ್ನ ಬಾವುಟ ಹಿಡಿದ ಪಕ್ಕದ ಮನೆಯವರು ದಾಟಿಸ್ತಾರೆ. 2020ರ ಅಂಫಾನ್ ಚಂಡಮಾರುತದ ಹೊತ್ತಿಗೆ ಅಲ್ಲಿನ ಸಾವಿನ ಲೆಕ್ಕ ಹತ್ತುಗಳಿಗೆ ಇಳಿದಿತ್ತು. ನಮ್ಮಲ್ಲೂ ಡಂಗುರ ಇದೆ, ಗುಡಿ-ಮಸೀದಿಯ ಮೈಕು ಇದೆ, ಹೊಳೆಯ ಪ್ರತಿ ಸುಳಿಯನ್ನೂ ಬಲ್ಲ ಹರಿಗೋಲಿನವರು ಇದ್ದಾರೆ. ಸುಮಾರು 500 ವರ್ಷದ ಹಿಂದೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇಲ್ಲಿನ ಬುಟ್ಟಿಯಂಥ ದುಂಡಗಿನ ದೋಣಿ ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಆ ಜ್ಞಾನ ಇನ್ನೂ ಬದುಕಿದೆ. ಅವರನ್ನ ಪ್ರವಾಸಿಗರ ಸೆಲ್ಫಿಗೆ ಮಾತ್ರ ಕರೀತೀವಿ, ವಿಪತ್ತಿನ ಯೋಜನೆಗೆ ಕರೆಯಲ್ಲ.

ಇನ್ನೊಂದು ಮಾತು ನಮ್ಮ ಕನ್ನಡ ಸಂಘಕ್ಕೆ. ಸಿರುಗುಪ್ಪ ಸೀಮೆಯಲ್ಲಿ ಕನ್ನಡದ ಜೊತೆ ತೆಲುಗು, ಉರ್ದು, ಲಂಬಾಣಿ ಮಾತಾಡೋ ಮನೆಗಳಿವೆ. ದೂರದ ಊರಿಂದ ದುಡಿಯೋಕೆ ಬಂದವರೂ ಇರ್ತಾರೆ. ಎಚ್ಚರಿಕೆಯ ವಿಷಯದಲ್ಲಿ ಕನ್ನಡದ ಅಭಿಮಾನ ಅಂದ್ರೆ ‘ಹೊರಹರಿವು ಪ್ರಮಾಣದಲ್ಲಿ ಗಣನೀಯ ಏರಿಕೆ’ ಅಂತ ಬರೆಯೋದಲ್ಲ. ‘ನಾಳೆ ಬೆಳಿಗ್ಗೆಗೆ ಹೊಳಿ ನೀರು ಸಾಲಿ ಮುಂದಿನ ಹಳದಿ ಪಟ್ಟಿಗೆ ಬರ್ತೈತಿ, ಪಂಪು ಎತ್ಕೊಳ್ರಿ’ ಅಂತ ಬರೆಯೋದು. ಮನೆಮಾತು ಯಾವುದಾದ್ರೂ ಇರಲಿ, ಪಕ್ಕದಲ್ಲಿ ಆ ಬಣ್ಣ ಎಲ್ಲರಿಗೂ ಕಾಣಬೇಕು.

‘ಇದೆಲ್ಲ ಸರ್ಕಾರದ ಕೆಲಸ ಅಲ್ವಾ?’

ಹೌದು, ಸರ್ಕಾರದ್ದೇ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಬೋಟು, ಕಾಳಜಿ ಕೇಂದ್ರ, ಪರಿಹಾರ ಎಲ್ಲ ಅವರ ಜವಾಬ್ದಾರಿ, ಅದನ್ನ ನಾವು ಹೊರೋಕಾಗಲ್ಲ, ಹೊರಬಾರದು ಕೂಡ. ಆದ್ರೆ 2015ರಲ್ಲಿ ಜಪಾನಿನ ಸೆಂಡೈನಲ್ಲಿ ಭಾರತವೂ ಸೇರಿ ದೇಶಗಳು ಒಪ್ಪಿದ ಚೌಕಟ್ಟಿನಲ್ಲಿ ಮೊದಲ ಆದ್ಯತೆಯೇ ಅಪಾಯವನ್ನ ಅರ್ಥ ಮಾಡಿಕೊಳ್ಳೋದು. ಒಂದೊಂದು ಊರಿನ ಒಂದೊಂದು ತಗ್ಗನ್ನ ಅರ್ಥ ಮಾಡ್ಕೊಳ್ಳೋಕೆ ಒಂದು ತಾಲ್ಲೂಕು ಕಚೇರಿಯ ಕೈಗಳು ಸಾಕಾಗಲ್ಲ. ಲೆವೆಲ್ ಮೆಷೀನು, ಟೋಟಲ್ ಸ್ಟೇಷನ್ನು, ಬಿಸಿಲಲ್ಲಿ ಸ್ಟಾಫ್ ಹಿಡಿಯೋ ನೂರು ಹುಡುಗರು-ಹುಡುಗಿಯರು ಇರೋದು ಕಾಲೇಜಲ್ಲಿ.

‘ಅವರನ್ನ ಅಲ್ಲಿಂದ ಸ್ಥಳಾಂತರ ಮಾಡಿಬಿಡಬೇಕು’ ಅನ್ನೋರೂ ಇದ್ದಾರೆ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ಹೊಸ ಮನೆಗಳನ್ನ ಕಟ್ಟಿದರು. ಎಷ್ಟೋ ಕಡೆ ಮನೆ ಎತ್ತರಕ್ಕೆ ಬಂತು, ಹೊಲ ಹೊಳೆ ಹತ್ತಿರವೇ ಉಳೀತು. ಹೊಲ ಎಲ್ಲಿದೆಯೋ ರೈತ ಅಲ್ಲೇ ಇರ್ತಾನೆ. ಸ್ಥಳಾಂತರ ಬೇಕಾದ ಊರುಗಳು ಇರಬಹುದು, ಆ ತೀರ್ಮಾನ ಅಲ್ಲಿನವರದ್ದು. ಅದು ಆಗೋವರೆಗೂ ಪ್ರತಿ ಆಗಸ್ಟ್ ಬರ್ತಾನೇ ಇರುತ್ತೆ.

ಹಾಗಾದ್ರೆ ನಾವು ಏನು ಮಾಡಬಹುದು? ಫೆಬ್ರುವರಿಯಿಂದ ಮೇ ತನಕ ಹೊಳೆ ತಗ್ಗಿರುತ್ತೆ. ಸರ್ವೆ ಕ್ಯಾಂಪನ್ನ ಒಂದು ಸಲ ಕಾಲೇಜಿನ ಕಾಂಪೌಂಡು ಬಿಟ್ಟು ಹೊಳೆದಂಡೆಯ ಒಂದು ಊರಿಗೆ, ಒಂದೇ ಊರಿಗೆ, ಪಂಚಾಯಿತಿಯ ಒಪ್ಪಿಗೆ ಪಡೆದು ಹಾಕೋಣ. ಸಿವಿಲ್‌ನವರು ರಸ್ತೆಯ ತಗ್ಗು, ಶಾಲೆಯ ಮೆಟ್ಟಿಲು, 2009ರ ನೀರಿನ ಗುರುತು ಇವುಗಳ ಎತ್ತರ ಅಳೀಲಿ. ಸಿಎಸ್‌ನವರು ಪ್ರತಿ ವರ್ಷ ಬಿಟ್ಟ ನೀರಿನ ಅಂಕಿ, ಊರಿನವರು ಹೇಳೋ ಮಟ್ಟ, ನೀರು ಬರೋಕೆ ಹಿಡಿದ ಗಂಟೆ ಇವನ್ನ ಒಂದು ಪಟ್ಟಿಗೆ ಹಾಕಲಿ. ಇಸಿಯವರು ಸೋಲಾರ್‌ನಲ್ಲಿ ನಡೆಯೋ ಒಂದು ಸೈರನ್ ಮಾಡಲಿ, ಈ ಸಲ ಬಕೆಟ್ ಇಲ್ಲದೆ. ಉಳಿದ ನಾವು ಕಟ್ಟೆ ಮೇಲೆ ಕೂತು ಹಿರಿಯರನ್ನ, ಆಶಾ ಕಾರ್ಯಕರ್ತೆಯನ್ನ, ಹರಿಗೋಲಿನವರನ್ನ ಕೇಳಿ ಬರೆದುಕೊಳ್ಳೋಣ. ಮರಳು ತೆಗೆದಂತೆ, ಹೂಳು ಕೂತಂತೆ ಹೊಳೆಯ ತಳ ಬದಲಾಗುತ್ತೆ, ಸ್ಥಳೀಯ ಮಳೆಯೂ ಸೇರುತ್ತೆ. ಹಾಗಾಗಿ ನಮ್ಮ ಪಟ್ಟಿ ಬ್ರಹ್ಮಲಿಪಿ ಅಲ್ಲ. ತಹಶೀಲ್ದಾರರ ಕಚೇರಿಗೆ ಕೊಟ್ಟು, ಪರಿಶೀಲನೆ ಮಾಡಿಸಿ, ಪ್ರತಿ ಬೇಸಿಗೆಯಲ್ಲಿ ಮುಂದಿನ ಬ್ಯಾಚು ಹೋಗಿ ತಿದ್ದಬೇಕು.

ಡಿಗ್ರಿಗೆ 100 ಆ್ಯಕ್ಟಿವಿಟಿ ಪಾಯಿಂಟ್ಸ್ ಹೇಗೂ ಬೇಕು. ಹೋದ ವರ್ಷ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು ನೆಟ್ಟ ಸಸಿಗಳು ಈಗ ಎಲ್ಲಿವೆ ಅಂತ ಕೇಳಿದ್ರೆ ನಮ್ಮಲ್ಲಿ ಬಹಳ ಜನ ಮೊಬೈಲ್ ನೋಡ್ತೀವಿ. ಒಂದು ಊರಿನ ಶಾಲೆಯ ಗೋಡೆ ಮೇಲೆ ಬಳಿದ ಮೂರು ಬಣ್ಣದ ಪಟ್ಟಿ ಹಾಗೆ ಕಾಣೆ ಆಗಲ್ಲ. ಅದು ಸರಿ ಇದೆಯೋ ಇಲ್ಲವೋ ಅನ್ನೋದನ್ನ ಮುಂದಿನ ಆಗಸ್ಟ್‌ನಲ್ಲಿ ಹೊಳೆಯೇ ಬಂದು ಪರೀಕ್ಷೆ ಮಾಡುತ್ತೆ, ಆ ಪರೀಕ್ಷೆಗೆ ರೀವ್ಯಾಲ್ಯುಯೇಶನ್ ಇಲ್ಲ.

ಆಸಕ್ತಿ ಇರೋರು, ಅದರಲ್ಲೂ ಸಿರುಗುಪ್ಪ, ಕಂಪ್ಲಿ, ಕುರುಗೋಡು ಕಡೆಯಿಂದ ಬಂದವರು, ಸಂಘದ ಬುಧವಾರದ ಸಭೆಗೆ ಬನ್ನಿ. ಬರೋವಾಗ ನಿಮ್ಮ ಮನೆಯ ಹಿರಿಯರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ಕೊಂಡು ಬನ್ನಿ: ‘2009ರಾಗ ಹೊಳಿ ನೀರು ನಮ್ಮೂರಾಗ ಎಲ್ಲಿತನಕ ಬಂದಿತ್ತು?’ ಅವರು ಹೇಳೋ ಜಾಗದಿಂದಲೇ ನಮ್ಮ ಮೊದಲ ಅಳತೆ.